ಅನೀಜಿ, ಆರಾಮಿಲ್ಲ, ತ್ರಾಸ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಾತಿನಲ್ಲಿ ಸಣ್ಣ ಅಸ್ವಾಸ್ಥ್ಯ

‘ಅನೀಜಿ’ ಎಂಬುದು ಇಂಗ್ಲಿಷಿನ ‘ಅನ್‌ಈಸಿ’ ಪದ ಕನ್ನಡದ ಬಾಯಲ್ಲಿ ತಾಳಿದ ರೂಪ. ರೋಗವೆಂದು ಹೆಸರಿಡುವಷ್ಟು ದೊಡ್ಡದಲ್ಲದ, ಹಾಗೆಂದು ಮರೆತು ಹೊಲಕ್ಕೆ ಹೋಗುವಷ್ಟು ಸಣ್ಣದೂ ಅಲ್ಲದ ಮೈಯ ಅಸ್ವಾಸ್ಥ್ಯಕ್ಕೆ ಈ ಪದ ಸಲ್ಲುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಾಲ್ಕಕ್ಷರ ಕಲಿತವರು ‘ಯಾಕೋ ಅನೀಜಿ ಆಗಲತ್ತದ’ ಎಂದರೆ ಕೇಳಿದವರು ಮೊದಲು ಮಾಡುವ ಕೆಲಸ ನೀರು ತಂದುಕೊಡುವುದು, ಫ್ಯಾನಿನ ಕೆಳಗೆ ಕೂರಿಸುವುದು. ‘ಯಾವುದರ ಚಿಂತೆ?’ ಎಂದು ಕೇಳುವುದಿಲ್ಲ. ಇಂಗ್ಲಿಷ್ ಮನೆಮಾತಾದವರ ನಡುವೆ ಅದೇ ಪದ ಆಡಿದರೆ ಮೊದಲು ಬರುವ ಪ್ರಶ್ನೆ ಚಿಂತೆಯದೇ. ಪದ ಒಂದೇ ಆದರೂ ಅಲ್ಲಿ ಅದು ಹೆಚ್ಚಾಗಿ ಮನಸ್ಸಿಗೆ ಅಂಟಿಕೊಂಡಿದೆ, ಇಲ್ಲಿ ಮೈಗೆ.

ವ್ಯಾಕರಣದಲ್ಲಿ ಆದ ಬದಲಾವಣೆ ಇದಕ್ಕಿಂತ ಹೆಚ್ಚು. ಇಂಗ್ಲಿಷಿನಲ್ಲಿ ಅದು ಗುಣವಾಚಕ; ಮನುಷ್ಯನೇ ಕರ್ತೃವಾಗಿ ನಿಂತು ‘ನಾನು ಹೀಗಿದ್ದೇನೆ’ ಎನ್ನುತ್ತಾನೆ. ಕನ್ನಡದಲ್ಲಿ ಹಸಿವು, ನೀರಡಿಕೆ, ನಿದ್ದೆ, ಸಿಟ್ಟು ಎಲ್ಲವೂ ಮನುಷ್ಯನಿಗೆ ಬರುವಂಥವು, ಆಗುವಂಥವು. ಅನುಭವಿಸುವವನಿಗೆ ಚತುರ್ಥಿ ವಿಭಕ್ತಿ. ಇಂಗ್ಲಿಷ್ ಪದವೂ ಈ ಕಟ್ಟಿಗೆ ಒಳಗಾಯಿತು: ‘ನನಗ ಅನೀಜಿ ಆಗಲತ್ತದ’, ‘ಮುತ್ಯಾಗ ರಾತ್ರಿಯಿಂದ ಅನೀಜಿ ಆಗ್ಯಾದ’. ಇಲ್ಲಿ ಅದು ನಾಮಪದ. ‘ಅನೀಜಿ ಮನುಷ್ಯ’ ಎಂದು ಯಾರೂ ಹೇಳುವುದಿಲ್ಲ. ಅಸ್ಥಿರ ಒಪ್ಪಂದಕ್ಕೋ, ಬಿಗುವಿನ ಶಾಂತಿಗೋ ಇಂಗ್ಲಿಷ್ ಪತ್ರಿಕೆಗಳು ಈ ಪದವನ್ನು ವಿಶೇಷಣವಾಗಿ ಹಚ್ಚುವುದುಂಟು. ಆ ಬಳಕೆ ಭೀಮಾ ನದಿಯ ದಂಡೆಗೆ ಬಂದೇ ಇಲ್ಲ. ಹೀಗೆ ಅರ್ಥ ಕಿರಿದಾದದ್ದು ಈ ಸೀಮೆಯೊಂದರ ಕೆಲಸವೂ ಅಲ್ಲ. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿಯೇ ‘ಅನ್‌ಈಸಿನೆಸ್ ಎಂದು ಹೇಳಿಕೊಂಡವರನ್ನು ಆಸ್ಪತ್ರೆಗೆ ಸೇರಿಸಲಾಯಿತು’ ಎಂಬ ಧಾಟಿಯ ಸುದ್ದಿ ಸಾಮಾನ್ಯ. ಕನ್ನಡಕ್ಕೆ ಬಂದದ್ದು ಈ ಭಾರತೀಯ ಇಂಗ್ಲಿಷಿನ ಪದ, ಲಂಡನ್ನಿನದಲ್ಲ.

ಮೂಲದಲ್ಲಿ ‘ಈಸ್’ ಎಂಬುದು ಹಳೆಯ ಫ್ರೆಂಚಿನ ‘ಏಜ್’ನಿಂದ ಬಂದದ್ದು, ನೆಮ್ಮದಿ, ಸುಖ, ಅಡ್ಡಿಯಿಲ್ಲದ ಸ್ಥಿತಿ ಎಂದು ಅರ್ಥ. ಅದರ ಮುಂದೆ ಇಲ್ಲವೆನ್ನುವ ‘ಅನ್’ ಸೇರಿದ್ದು 13ನೆಯ ಶತಮಾನದ ಕೊನೆಗೆ. ಆಗ ಅದು ತೊಂದರೆ ಕೊಡುವ ವಸ್ತುವನ್ನೂ ಸ್ಥಿತಿಯನ್ನೂ ಹೇಳುತ್ತಿತ್ತು. ಮನಸ್ಸಿನ ಕಳವಳದ ಅರ್ಥ ಗಟ್ಟಿಯಾದದ್ದು 17ನೆಯ ಶತಮಾನದಲ್ಲಿ. ಅದೇ ‘ಏಜ್’ ಇನ್ನೆರಡು ಪದಗಳ ಹೊಟ್ಟೆಯಲ್ಲೂ ಇದೆ. ‘ಡಿಸೀಸ್’ ಎಂದರೆ ಮೊದಲು ಬರಿಯ ನೆಮ್ಮದಿಗೇಡು. ರೋಗವೆಂಬ ಅರ್ಥ ಆಮೇಲಿನದು. ‘ಮಲೇಸ್’ 18ನೆಯ ಶತಮಾನದಲ್ಲಿ ಫ್ರೆಂಚಿನಿಂದ ಹಾಗೆಯೇ ಎತ್ತಿಕೊಂಡದ್ದು. ಜ್ವರ ಬರುವ ಮೊದಲು ಮೈಯೆಲ್ಲ ಭಾರವಾಗುವ ಸ್ಥಿತಿಗೆ ವೈದ್ಯರು ಇವತ್ತಿಗೂ ಅದನ್ನೇ ಬರೆಯುತ್ತಾರೆ. ಒಂದೇ ಬೇರಿನ ಮೂರು ಪದಗಳಲ್ಲಿ ಒಂದು ರೋಗವಾಗಿ ಬಲಿಯಿತು, ಇನ್ನೊಂದು ವೈದ್ಯರ ಕಾಗದದಲ್ಲಿ ಉಳಿಯಿತು, ಮೂರನೆಯದು ಮನಸ್ಸಿನ ಕಡೆ ಹೊರಳಿತು.

ಆ ಹೊರಳುವಿಕೆಯಲ್ಲಿ ತತ್ತ್ವಶಾಸ್ತ್ರದ ಪಾಲೂ ಇದೆ. ಇಂಗ್ಲೆಂಡಿನ ಜಾನ್ ಲಾಕ್ ಮನುಷ್ಯನ ತಿಳಿವಳಿಕೆಯನ್ನು ಕುರಿತ ತನ್ನ ಪ್ರಬಂಧದ 1694ರ ಎರಡನೆಯ ಆವೃತ್ತಿಯಲ್ಲಿ ಒಂದು ಮಾತನ್ನು ತಿದ್ದಿದ. ಮನುಷ್ಯನನ್ನು ಕೆಲಸಕ್ಕೆ ಹಚ್ಚುವುದು ದೂರದ ದೊಡ್ಡ ಸುಖದ ಆಸೆಯಲ್ಲ, ಈ ಗಳಿಗೆಯ ‘ಅನ್‌ಈಸಿನೆಸ್’ ಎಂದು ಹೇಳಿದ. ಆ ಪುಸ್ತಕವನ್ನು 1700ರಲ್ಲಿ ಫ್ರೆಂಚಿಗೆ ತಂದ ಪಿಯರ್ ಕೋಸ್ತ್‌ಗೆ ಈ ಪದವೇ ತೊಡಕಾಯಿತು. ಸರಿಸಮನಾದ ಫ್ರೆಂಚ್ ಪದವಿಲ್ಲವೆಂದು ಟಿಪ್ಪಣಿ ಬರೆದು ‘ಆಂಕಿಯೆತ್ಯೂದ್’ ಎಂಬುದನ್ನು ಬಳಸಿದ. ಫ್ರೆಂಚಿನಿಂದಲೇ ಹೋದ ಬೇರು ಇಂಗ್ಲಿಷಿನಲ್ಲಿ ಬೆಳೆದು ಮರಳಿ ಬಂದಾಗ ಫ್ರೆಂಚರಿಗೇ ಗುರುತು ಸಿಗಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಪದಕ್ಕೆ ಅಂಥ ತೊಡಕಾಗಲಿಲ್ಲ. ಅದೇ ಅಚ್ಚಿನ ಮಾತು ಮೊದಲೇ ಇತ್ತು: ‘ಆರಾಮಿಲ್ಲ’. ‘ಮೈಯಾಗ ಆರಾಮಿಲ್ರಿ’, ‘ಕಾಕಾಗ ನಿನ್ನಿಯಿಂದ ಆರಾಮಿಲ್ಲ’ ಎನ್ನುವಲ್ಲಿ ನೆಮ್ಮದಿಯ ಹೆಸರು ಮುಂದೆ, ಇಲ್ಲವೆನ್ನುವುದು ಹಿಂದೆ. ಇಂಗ್ಲಿಷಿನಲ್ಲಿ ಅದು ತಿರುಗುಮುರುಗು. ‘ಆರಾಮ’ ಫಾರಸಿ ಪದ. ವಿಶ್ರಾಂತಿ, ಶಾಂತಿ ಎಂದು ಅರ್ಥ. ಹಳಗನ್ನಡ ಓದಿದವರಿಗೆ ‘ಆರಾಮ’ವೆಂದರೆ ಉದ್ಯಾನ ನೆನಪಾಗುತ್ತದೆ, ಅದು ಸಂಸ್ಕೃತದ ದಾರಿಯಿಂದ ಬಂದದ್ದು. ಎರಡೂ ದೂರದ ದಾಯಾದಿಗಳೇ. ರಮಿಸು, ವಿರಮಿಸು ಎಂಬಲ್ಲಿರುವ ಧಾತುವೇ ಫಾರಸಿಯಲ್ಲೂ ಇದೆ. ಆದರೆ ಆಳಂದದ ಮಾತಿಗೆ ಅದು ಬಂದದ್ದು ಪಂಪನ ತೋಟದಿಂದಲ್ಲ, ನಿಜಾಮರ ದವಾಖಾನೆಯ ಕಡೆಯಿಂದ.

ಕನ್ನಡ ನಾಡಿನ ಉದ್ದಗಲಕ್ಕೆ ಮೈ ಸರಿಯಿಲ್ಲ ಎನ್ನುವುದಕ್ಕೆ ಮುಖ್ಯವಾಗಿ ಮೂರು ಮಾತುಗಳಿವೆ. ಬೆಂಗಳೂರು, ಮೈಸೂರು ಕಡೆ ‘ಹುಷಾರಿಲ್ಲ’, ಕರಾವಳಿಯಲ್ಲಿ ‘ಸೌಖ್ಯ ಇಲ್ಲ’, ಉತ್ತರದಲ್ಲಿ ‘ಆರಾಮಿಲ್ಲ’. ಮೂರೂ ಇಲ್ಲವೆನ್ನುವ ಮಾತುಗಳೇ. ಫಾರಸಿಯ ಪ್ರಭಾವವೆಂದರೆ ಹೈದರಾಬಾದ್ ಸಂಸ್ಥಾನದ ಸೀಮೆ ಮಾತ್ರ ಎಂಬ ತಿಳಿವಳಿಕೆ ಇಲ್ಲಿ ನಿಲ್ಲುವುದಿಲ್ಲ. ಮೈಸೂರಿನ ‘ಹುಷಾರು’ ಕೂಡ ಫಾರಸಿಯ ‘ಹೋಶ್ಯಾರ್’, ಎಚ್ಚರವುಳ್ಳವನು. ಕಲಬುರಗಿ ಸೀಮೆಯಲ್ಲಿ ಆ ಪದ ಬುದ್ಧಿವಂತಿಕೆಗೆ ಮೀಸಲು. ‘ಹುಡುಗ ಬಾಳ ಹುಷಾರ ಅದಾನ’ ಎಂದರೆ ಹೊಗಳಿಕೆ. ಹೀಗಾಗಿ ತೆಂಕಣದಿಂದ ವರ್ಗವಾಗಿ ಬಂದ ಮೇಷ್ಟ್ರು ‘ನಿಮ್ಮ ಮಗ ಹುಷಾರಿಲ್ಲ’ ಎಂದರೆ ಜೇವರ್ಗಿಯ ತಾಯಿ ಮಗನ ಹಣೆ ಮುಟ್ಟಿ ನೋಡುವ ಬದಲು ಅವನ ಅಂಕಪಟ್ಟಿ ನೋಡಿಯಾಳು.

ಈ ಸೀಮೆಯ ನೋವಿನ ನುಡಿಗಟ್ಟಿನಲ್ಲಿ ಉರ್ದು, ಫಾರಸಿ, ಅರಬ್ಬಿಗಳು ದಟ್ಟವಾಗಿರುವುದಕ್ಕೆ ಕಾರಣ ಆಡಳಿತ. ಈ ಮೂರು ತಾಲ್ಲೂಕುಗಳ ನೆಲ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು; ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕಚೇರಿ, ಕೋರ್ಟು, ಶಾಲೆ, ಪೊಲೀಸ್ ಠಾಣೆಗಳಲ್ಲಿ ಉರ್ದು ನಡೆಯುತ್ತಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಆಗ ಉರ್ದುವೇ ಬೋಧನೆಯ ಮಾಧ್ಯಮವಾಗಿತ್ತು. ಆಸ್ಪತ್ರೆ ಇವತ್ತಿಗೂ ‘ದವಾಖಾನಿ’. ಮೈಯ ಸ್ಥಿತಿ ‘ತಬ್ಯೇತ’. ಈ ‘ತಬ್ಯೇತ’ ಅರಬ್ಬಿಯ ‘ತಬೀಯತ್’. ಯುನಾನಿ ವೈದ್ಯದಲ್ಲಿ ಅದು ಶಾಸ್ತ್ರದ ಪದ, ರೋಗವನ್ನು ತಾನೇ ಎದುರಿಸಿ ಮೈಯನ್ನು ಸರಿಪಡಿಸಿಕೊಳ್ಳುವ ಒಳಶಕ್ತಿ. ‘ಮುತ್ಯಾನ ತಬ್ಯೇತ ನಾಜೂಕ ಅದ’ ಎನ್ನುವ ಮೊಮ್ಮಗನಿಗೆ ಶಾಸ್ತ್ರ ಬೇಕಿಲ್ಲ, ಆದರೂ ಮಾತು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ.

ಆಡಳಿತವೊಂದೇ ಕಾರಣವೆಂದರೆ ಅರ್ಧ ಸತ್ಯವಾದೀತು; ಹಿಂದೂ ಮುಸ್ಲಿಮರ ಒಡನಾಟವೂ ಕಾರಣ. ಕಡಕೋಳ ಮಡಿವಾಳಪ್ಪನವರ ತತ್ವಪದ ಪರಂಪರೆ ಬೆಳೆದದ್ದು ಜೇವರ್ಗಿ ಸೀಮೆಯಲ್ಲಿ. ಚೆನ್ನೂರ ಜಲಾಲಸಾಹೇಬರು ಆ ಪರಂಪರೆಯವರೇ. ಆಳಂದದ ಲಾಡ್ಲೇ ಮಶಾಕ್ ದರ್ಗಾಕ್ಕೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಒಬ್ಬರ ಕಷ್ಟದ ಪದ ಇನ್ನೊಬ್ಬರಿಗೆ ತಿಳಿಯುವುದು ಇಂಥ ಕಡೆ ಶಾಲೆಗಿಂತ ಬೇಗ.

‘ತ್ರಾಸ’ದ ಕಥೆ ಮಾತ್ರ ಬೇರೆ ದಿಕ್ಕಿನದು. ಸಂಸ್ಕೃತದಲ್ಲಿ ಅದರ ಅರ್ಥ ಭಯ, ನಡುಕ. ಮರಾಠಿಯಲ್ಲಿ ಭಯ ಸವೆದು ತೊಂದರೆ, ಉಪದ್ರವ, ಮೈಯ ಬಾಧೆ ಎಂದಾಯಿತು. ಆಳಂದ, ಅಫಜಲಪುರಗಳ ಗಡಿ ಮಹಾರಾಷ್ಟ್ರಕ್ಕೆ ತಾಗಿದೆ; ಅಕ್ಕಲಕೋಟೆಯ ಕಡೆ ಕನ್ನಡ ಮಾತಾಡುವವರೂ ಬಹಳ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ಇರುವ ದೇವಲ ಗಾಣಗಾಪುರದ ದತ್ತಾತ್ರೇಯನ ಸನ್ನಿಧಿಗೆ ಮೈಮನಸ್ಸಿನ ಕಾಡಾಟ ಕಳೆಯಲೆಂದು ಮಹಾರಾಷ್ಟ್ರದಿಂದ ಜನ ಬರುತ್ತಲೇ ಇರುತ್ತಾರೆ. ಅವರೂ ‘ತ್ರಾಸ’ ಎನ್ನುತ್ತಾರೆ, ಊರವರೂ ‘ತ್ರಾಸ’ ಎನ್ನುತ್ತಾರೆ. ದಕ್ಷಿಣದ ಓದುಗನಿಗೆ ತ್ರಾಸು ಎಂದರೆ ತೂಕದ ತಕ್ಕಡಿ. ಅದು ಫಾರಸಿಯ ‘ತರಾಜು’, ಇದಕ್ಕೂ ಅದಕ್ಕೂ ನಂಟಿಲ್ಲ.

ತ್ರಾಸದ ಹರವು ದೊಡ್ಡದು. ‘ಉಸರಾಡ್ಲಿಕ್ಕ ತ್ರಾಸ ಆಗಲತ್ತದ’ ಎಂದರೆ ವೈದ್ಯರು ಎದ್ದು ಬರಬೇಕಾದ ಮಾತು. ‘ಬಸ್ಸಿನಾಗ ಬಾಳ ತ್ರಾಸಾಯ್ತು’ ಎಂದರೆ ನೂಕುನುಗ್ಗಲು. ‘ಯಾಕ ತ್ರಾಸ ತಗೋತೀರಿ, ಇರ್ಲಿ ಬಿಡ್ರಿ’ ಎಂದರೆ ಚಹಾ ಬೇಡವೆನ್ನುವ ಉಪಚಾರ. ಈ ಕೊನೆಯ ಬಳಕೆಯನ್ನು ‘ತಕಲೀಫ’ ಕೂಡ ಹಂಚಿಕೊಳ್ಳುತ್ತದೆ: ‘ನಿಮಗ ತಕಲೀಫ ಕೊಟ್ಟೆವ್ರಿ’. ಅರಬ್ಬಿಯಲ್ಲಿ ‘ತಕ್ಲೀಫ್’ ಎಂದರೆ ಹೊರೆ ಹೊರಿಸುವುದು. ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಮನುಷ್ಯನ ಮೇಲೆ ಬಿದ್ದ ಕರ್ತವ್ಯದ ಹೊಣೆ. ಅತಿಥಿಯ ಬಾಯಲ್ಲಿ ಆ ಭಾರವೆಲ್ಲ ಇಳಿದು ಒಂದು ಕಪ್ಪು ಚಹಾದ ತೂಕಕ್ಕೆ ಬಂದಿದೆ. ‘ಹೈರಾಣ’ ಅರಬ್ಬಿಯಲ್ಲಿ ದಿಕ್ಕುತೋಚದವನು, ಇಲ್ಲಿ ದಣಿದು ಹಣ್ಣಾದವನು. ‘ಪರೇಶಾನ’ ಫಾರಸಿಯಲ್ಲಿ ಚೆದರಿದ್ದು, ಇಲ್ಲಿ ಮನಸ್ಸು ಕೆಟ್ಟದ್ದು. ‘ಸುಸ್ತು’ ಹೆಚ್ಚು ಬದಲಾಗದೆ ಉಳಿದಿದೆ.

ಅಚ್ಚಗನ್ನಡದ ಪದಗಳ ರೀತಿ ಇವೆಲ್ಲಕ್ಕಿಂತ ಬೇರೆ. ಅವು ನೆಮ್ಮದಿ ಇಲ್ಲವೆಂದು ಹೇಳುವುದಿಲ್ಲ. ಏನಾಗುತ್ತಿದೆ ಎಂದು ಹೇಳುತ್ತವೆ, ಎಲ್ಲಿ ಆಗುತ್ತಿದೆ ಎಂದೂ ಹೇಳುತ್ತವೆ. ಹೊಟ್ಟಿ ತೊಳಸುತ್ತದೆ, ಗುಡುಗುಡು ಎನ್ನುತ್ತದೆ, ತಲಿ ಗುಂ ಎನ್ನುತ್ತದೆ, ಕಣ್ಣು ಚುರುಚುರು, ಎದಿ ಡವಡವ, ಕಾಲು ಜುಮುಜುಮು, ಇಲ್ಲವೆ ಸೆಳೆತ, ಜೋಳದ ರಾಶಿ ಮಾಡಿದವರಿಗೆ ಸುಂಕು ಹತ್ತಿ ಮೈ ಕಡಿತ. ಇವುಗಳಲ್ಲಿ ಬಹುಪಾಲು ಅನುಕರಣ ಪದಗಳು. ಕೇಶಿರಾಜ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗಲೇ ಅನುಕರಣಗಳಿಗೆ ಜಾಗ ಕೊಟ್ಟಿದ್ದ. ಕನ್ನಡದ ವಿಶೇಷವೆಂದರೆ ಕಿವಿಗೆ ಕೇಳುವ ಸದ್ದನ್ನಷ್ಟೇ ಅಲ್ಲ, ಸದ್ದೇ ಇಲ್ಲದ ಮೈಯೊಳಗಿನ ಅನುಭವವನ್ನೂ ಅದು ಸದ್ದಾಗಿ ಹೇಳುತ್ತದೆ. ಕಾಲು ಜುಮುಜುಮು ಎಂದು ಸದ್ದು ಮಾಡುವುದಿಲ್ಲ. ಕೇಳಿದವರಿಗೆ ಮಾತ್ರ ಅದು ಏನೆಂದು ತಕ್ಷಣ ತಿಳಿಯುತ್ತದೆ. ನರದ ತೊಂದರೆಯನ್ನೂ ಸ್ನಾಯುವಿನ ನೋವನ್ನೂ ‘ಜುಮುಜುಮು’, ‘ಸೆಳೆತ’ ಎಂಬ ಎರಡು ಮಾತುಗಳಲ್ಲಿ ಬೇರೆ ಮಾಡಿ ಹೇಳುವ ರೈತ ಹೆಂಗಸು ವೈದ್ಯರ ಅರ್ಧ ಕೆಲಸ ಮುಗಿಸಿರುತ್ತಾಳೆ.

ಅಂಗದ ಹೆಸರಿನೊಡನೆ ಬರುವ ಇನ್ನೊಂದು ಪದ ‘ಬ್ಯಾನಿ’, ಬರಹದ ‘ಬೇನೆ’ ಇಲ್ಲಿ ‘ಬ್ಯಾನಿ’, ಬೇಸಿಗೆ ‘ಬ್ಯಾಸಗಿ’ ಆದಂತೆ. ‘ತಲಿಬ್ಯಾನಿ’, ‘ಹೊಟ್ಟಿಬ್ಯಾನಿ’ ಎಂದು ಏಕವಚನದಲ್ಲಿದ್ದರೆ ನೋವು. ಬಸುರಿ ಹೆಂಗಸಿನ ಮನೆಯವರು ಬಹುವಚನ ಮಾಡಿ ‘ಬ್ಯಾನಿ ಹತ್ಯಾವ’ ಎಂದರೆ ಹೆರಿಗೆಯ ನೋವು ಶುರುವಾಗಿದೆ ಎಂದು ಅರ್ಥ, ಗಾಡಿ ತರಿಸಬೇಕು. ಇಡೀ ಸೂಚನೆ ಕ್ರಿಯಾಪದದ ಕೊನೆಯ ಅಕ್ಷರದಲ್ಲಿದೆ. ಈ ಭಾಗದ ದವಾಖಾನೆಗೆ ಹೊಸದಾಗಿ ಬರುವ ವೈದ್ಯರಿಗೆ ಔಷಧದ ಪಟ್ಟಿಯ ಜೊತೆ ಈ ವ್ಯಾಕರಣವನ್ನೂ ಕೊಟ್ಟರೆ ತಪ್ಪಿಲ್ಲ.

ಬೇಸಿಗೆಯ ಪದಗಳಿಗೆ ಪ್ರತ್ಯೇಕ ಜಾಗ ಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಆ ಎರಡು ತಿಂಗಳು ಸರ್ಕಾರಿ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಬದಲಿಸುವ ರೂಢಿಯಿದೆ. ಮೈಯ ಅಸ್ವಾಸ್ಥ್ಯಕ್ಕೆ ಸರ್ಕಾರವೇ ಆದೇಶದ ಮೂಲಕ ಮಾನ್ಯತೆ ಕೊಟ್ಟ ಅಪರೂಪದ ನಿದರ್ಶನವಿದು. ನಿಂತ ಗಾಳಿಯ ಬೆವರಿನ ಬೇಗೆ ‘ಶೆಕಿ’; ಬೀಸಿ ಬರುವ ಬಿಸಿ ‘ಝಳ’. ಶೆಕಿಗೆ ಬೀಸಣಿಕೆ ಸಾಕು. ‘ಝಳ ಬಡದದ’ ಎಂದರೆ ಬಿಸಿಲಿನ ಹೊಡೆತ. ನೆರಳು, ನೀರು, ಅದಕ್ಕೂ ಬಗ್ಗದಿದ್ದರೆ ದವಾಖಾನಿ. ಈ ಎರಡರ ನಡುವೆ ಮೈ ಕಾದು ತಲೆ ಹಗುರಾಗಿ ‘ಚಕ್ಕರ್ ಬಂದಂಗ’ ಆಗುವ ಮಟ್ಟವೊಂದುಂಟು. ‘ಅನೀಜಿ’ ಹೆಚ್ಚಾಗಿ ಕಿವಿಗೆ ಬೀಳುವುದು ಈ ಮಟ್ಟದಲ್ಲಿ, ಮದುವೆಯ ಮಂಟಪಗಳಲ್ಲಿ, ಕಿಟಕಿ ಮುಚ್ಚಿದ ಬಸ್ಸುಗಳಲ್ಲಿ.

ಅಂಗ ಗೊತ್ತಾದರೆ ಕನ್ನಡದಲ್ಲಿ ಪದಕ್ಕೆ ಬರವಿಲ್ಲ. ಎಲ್ಲಿ ಎಂದು ತಿಳಿಯದ, ಮೈಯೆಲ್ಲ ಆವರಿಸಿದ ಅಸ್ವಾಸ್ಥ್ಯವನ್ನು ಹೇಳುವಾಗ ಮಾತು ತಡವರಿಸುತ್ತದೆ. ಆಗ ಎರಡು ದಾರಿ. ಒಂದು, ಅಂಗದ ಜಾಗದಲ್ಲಿ ‘ಜೀವ’ವನ್ನೇ ಇಡುವುದು: ‘ಜೀವ ಕಸಿವಿಸಿ ಆಗಲತ್ತದ’, ‘ಜೀವಕ್ಕ ಸಮಾಧಾನಿಲ್ಲ’. ಇಲ್ಲಿ ಜೀವವೆಂದರೆ ಪ್ರಾಣವಲ್ಲ. ಮೈಯೂ ಮನಸ್ಸೂ ಬೇರೆಯಾಗುವ ಮೊದಲಿನ ಇಡೀ ಮನುಷ್ಯ. ‘ತಳಮಳ’ವೂ ಜೀವಕ್ಕೇ ಆಗುವಂಥದು, ಅದೇ ಸದ್ದಿನ ಪದ ಮರಾಠಿಯಲ್ಲೂ ಇದೆ, ಅಲ್ಲಿ ಅದಕ್ಕೆ ತೀವ್ರ ಹಂಬಲದ ಛಾಯೆ ಹೆಚ್ಚು. ಇನ್ನೊಂದು ದಾರಿ, ಹೆಸರಿಡುವುದನ್ನೇ ಕೈಬಿಡುವುದು: ‘ಒಂದ್ನಮೂನಿ ಆಗಲತ್ತದ’, ‘ಹ್ಯಾಂಗ್ಯಾಂಗೋ ಆಗಲತ್ತದ’. ‘ನಮೂನಿ’ ಮಾದರಿ ಎಂಬ ಅರ್ಥದ ಫಾರಸಿ ಪದ. ಯಾವ ಮಾದರಿ ಎಂದು ಹೇಳದೆ ಒಂದು ಮಾದರಿ ಎಂದಷ್ಟೇ ಹೇಳಿದರೆ ಕೇಳುವವನು ಉಳಿದದ್ದನ್ನು ಮುಖ ನೋಡಿ ತಿಳಿಯಬೇಕು.

‘ಅನೀಜಿ’ ಬಂದು ಕುಳಿತದ್ದು ‘ಒಂದ್ನಮೂನಿ’ಯ ಜಾಗದಲ್ಲಿಯೇ. ಅರ್ಥ ಅಷ್ಟೇ ಮಸುಕು, ಆದರೆ ಗೌರವ ಹೆಚ್ಚು. ‘ಒಂದ್ನಮೂನಿ ಆಗಲತ್ತದ’ ಎಂದು ಕಾಲೇಜಿನ ಹುಡುಗ ರಜೆ ಕೇಳಿದರೆ ನೆಪವೆನ್ನಿಸುತ್ತದೆ; ‘ಅನೀಜಿ ಆಗಲತ್ತದ್ರಿ ಸರ’ ಎಂದರೆ ಕಾಯಿಲೆಯ ಮುಖ ಬರುತ್ತದೆ. ಮನಸ್ಸಿನ ಕಡೆಯ ಅರ್ಥವನ್ನು ಅದು ಯಾಕೆ ಹೊತ್ತು ತರಲಿಲ್ಲ ಎಂಬುದಕ್ಕೂ ಉತ್ತರ ಹತ್ತಿರದಲ್ಲೇ ಇದೆ. ಆ ಜಾಗವನ್ನು ‘ಟೆನ್ಶನ್’ ಎಂಬ ಇನ್ನೊಂದು ಇಂಗ್ಲಿಷ್ ಪದ ಹಿಡಿದುಕೊಂಡಿದೆ. ಮಗಳ ಮದುವೆ, ತೊಗರಿಯ ಧಾರಣೆ, ಬ್ಯಾಂಕಿನ ನೋಟಿಸು, ಇವೆಲ್ಲ ‘ಟೆನ್ಶನ್’. ನಾಲ್ಕು ಜನರ ನಡುವೆ ಆಗುವ ಸಂಕೋಚಕ್ಕೆ ಪತ್ರಿಕೆಯ ಕನ್ನಡದಲ್ಲಿ ಮುಜುಗರ, ಇರುಸುಮುರುಸು ಇವೆ. ಊರ ಮಾತಿನಲ್ಲಿ ‘ನಾಚಿಕಿ’, ‘ಶರಮ್’ ಸಾಕು.

ದವಾಖಾನೆಯಲ್ಲಿ ಈ ಮಸುಕು ಅರ್ಥದಿಂದ ತೊಡಕಾಗುವುದುಂಟು. ಹೃದಯಾಘಾತವು ಯಾವಾಗಲೂ ಎದೆ ಸೀಳುವ ನೋವಾಗಿ ಬರುವುದಿಲ್ಲ. ಎದೆಯ ಮೇಲೆ ಭಾರ, ಬೆವರು, ವಾಕರಿಕೆ, ಉಸಿರು ಕಟ್ಟುವುದು, ಇಷ್ಟರಲ್ಲೇ ತೋರಬಹುದು. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೀಗಾಗುವುದು ಹೆಚ್ಚು. ಅಂಥವರು ಹೇಳುವ ಮಾತು ‘ಅನೀಜಿ’, ಇಲ್ಲವೆ ‘ಗ್ಯಾಸ್ ಆಗ್ಯಾದ’, ‘ಪಿತ್ತಾಗ್ಯಾದ’. ಗ್ಯಾಸ್, ಪಿತ್ತ ಎಂಬವು ಅನುಭವದ ಹೆಸರಲ್ಲ, ಕಾರಣದ ತೀರ್ಮಾನ. ಆಡಿದ ಕೂಡಲೇ ಸೋಡಾ ಕುಡಿಸಿ ಮಲಗಿಸುವ ಉಪಾಯವೂ ಹಿಂದೆಯೇ ಬರುತ್ತದೆ. ‘ಅನೀಜಿ’ ಅಷ್ಟರ ಮಟ್ಟಿಗೆ ವಾಸಿ, ಅದು ಯಾವ ತೀರ್ಮಾನವನ್ನೂ ಕೊಡುವುದಿಲ್ಲ. ಅದಕ್ಕೆ ಉತ್ತರವಾಗಿ ಒಳ್ಳೆಯ ವೈದ್ಯರು ಕೇಳುವುದು ಹಳೆಯ ಕನ್ನಡದ ಪ್ರಶ್ನೆಗಳನ್ನೇ: ಎದಿ ಹಿಡದಂಗ ಆಗ್ಯಾದೇನು, ಹೊಟ್ಟಿ ತೊಳಸ್ತದೇನು, ಕೈ ಜುಮು ಅಂತದೇನು, ಬೆವರು ಬಂದದೇನು. ಅಂಗ ಹೆಸರಾದ ಕೂಡಲೇ ಅನುಕರಣ ಪದಗಳು ತಾವಾಗಿ ಹೊರಬರುತ್ತವೆ.

ನಿಘಂಟುಗಳಲ್ಲಿ ಈ ಇಂಗ್ಲಿಷ್ ಪದಕ್ಕೆ ಸಲ್ಲುವ ‘ಅಸ್ವಸ್ಥತೆ’, ‘ಅಶಾಂತಿ’ಗಳು ಬರವಣಿಗೆಗೆ ಸರಿ, ಅಫಜಲಪುರದಲ್ಲಿ ಯಾರೂ ತಮ್ಮ ಮೈಯನ್ನು ಕುರಿತು ಹಾಗೆ ಹೇಳಿಕೊಳ್ಳುವುದಿಲ್ಲ. ಕಿಟೆಲ್ ತನ್ನ 1894ರ ನಿಘಂಟಿನಲ್ಲಿ ಗ್ರಂಥದ ಮಾತಿನ ಜೊತೆ ಆಡುಮಾತನ್ನೂ ಸೇರಿಸಿಕೊಂಡ. ಆರ್. ಮಹಾದೇವನ್ ಅವರ ಕಲಬುರಗಿ ಕನ್ನಡದ ಧ್ವನಿ ಮತ್ತು ಪದಕೋಶದ ಅಧ್ಯಯನವನ್ನು ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿತು. ಆ ಬಗೆಯ ಕೆಲಸವನ್ನು ಮೈನೋವಿನ ಮಾತುಗಳಿಗೆಂದೇ ಮುಂದುವರಿಸುವುದಾದರೆ ನಮೂದು ಹೀಗಿರಬೇಕು: ಅನೀಜಿ, ನಾಮಪದ, ‘ಆಗು’ ಕ್ರಿಯಾಪದದೊಡನೆ, ಅಂಗ ಗುರುತಿಸಲಾಗದ ಮೈಯ ಅಸ್ವಾಸ್ಥ್ಯ, ವಿಶೇಷವಾಗಿ ಶೆಕೆ, ಪ್ರಯಾಣ, ಉಪವಾಸಗಳಲ್ಲಿ, ಸಮಾನಪದ ಒಂದ್ನಮೂನಿ, ಹೋಲಿಸಿ, ಜೀವ ಕಸಿವಿಸಿ, ಆರಾಮಿಲ್ಲ, ಮನಸ್ಸಿನ ಚಿಂತೆಗೆ ಬಳಕೆಯಿಲ್ಲ, ಅದಕ್ಕೆ ಟೆನ್ಶನ್ ನೋಡಿ.